2008ನೆಯ ಇಸವಿಯಲ್ಲಿ ನಾವು ಮೆಚ್ಚಿದ ಗೀತಸಂಪುಟಗಳು

ಈ ಸ್ಮರಣಸಂಚಿಕೆಗೆ ಲೇಖನವೊಂದನ್ನು ಬೇಡಿದ ಹಳೆಯ ವಿದ್ಯಾರ್ಥಿನಿಯರು, ತಾವು ಹತ್ತನೆಯ ತರಗತಿಯಲ್ಲಿದ್ದ 2008ನೆಯ ಇಸವಿಯ ರಾಕ್ ಸಂಗೀತದ ವಿಷಯವಾಗಿ ಬರೆಯಬೇಕೆಂದು ಕೇಳಿಕೊಂಡಿರುವರು. ಮಿಶನ್ ಶಾಲೆಯ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕದ್ದು ಇದೇ ಏನೆಂದು ತಾಯಿತಂದೆಗಳು ಹುಬ್ಬೇರಿಸಬಹುದು. ಆದರೆ ನಾವು ಆ ಸಂಗೀತವನ್ನು ಪ್ರೀತಿಯಿಂದ ಕೇಳುವವರೆಂಬುದು ಈ ಹುಡುಗಿಯರಿಗೆ ಅಂದೇ ಗೊತ್ತಿದ್ದ ಸಂಗತಿ. ಆಗ ನಾವು ಇಲ್ಲಿ ಸಹೋಪಾಧ್ಯಾಯಿನಿಯಾಗಿದ್ದು ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದೆವು. ಮೂಡಿಗೆರೆ, ಕಳಸಗಳ ತೋಟದ ಮನೆಗಳಿಂದ ಬಂದವರ ಪೆಟ್ಟಿಗೆಗಳಲ್ಲಿ ಕೋಡುಬಳೆಯ ಡಬ್ಬಿಯ ಜೊತೆಗೆ, ಬೆಂಗಳೂರಿನಲ್ಲಿ ಓದುವ ಅಣ್ಣಂದಿರು ಕೊಟ್ಟ ಸಿ.ಡಿ. ತಟ್ಟೆಗಳೂ ಇರುತ್ತಿದ್ದವು. ಮಳೆಗಾಲದಲ್ಲಿ ವಿದ್ಯುತ್ತು ಇದ್ದಾಗ ಅವುಗಳನ್ನು ಕೇಳುವದು, ಹೋದಾಗ ಅವುಗಳ ಮೇಲೆ ವಾದಿಸುವದು.

ಆ ವರುಷ ಹೊರದೇಶದಿಂದ ಬಂದವುಗಳಲ್ಲಿ ಹೆಚ್ಚು ಗದ್ದಲ ಮಾಡಿದ್ದು ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’. ಹಾಡುಗಳು ಒಳ್ಳೆಯವೇ, ಮುದ್ರಣವು ಮಾತ್ರ ಕಿವಿಗೆ ಶಿಕ್ಷೆ. ಮೆಲುದನಿಯನ್ನೂ ಏರುದನಿಯನ್ನೂ ಒಂದೇ ಮಟ್ಟಕ್ಕೆ ಒತ್ತಿ ತುಂಬಿದ್ದರಿಂದ ಹಾಡಿಗೆ ಉಸಿರಾಡಲು ಎಡೆಯೇ ಇಲ್ಲದೆ ಹೋಯಿತು. ಮರಳಿ ಮುದ್ರಿಸಿಕೊಡಿರೆಂದು ಕೇಳುಗರೇ ಮನವಿ ಮಾಡಿಕೊಂಡರು. ನವೆಂಬರ್ ತಿಂಗಳಲ್ಲಿ ಗನ್ಸ್ ಎನ್ ರೋಸಸ್ ತಂಡದ ‘ಚೈನೀಸ್ ಡೆಮಾಕ್ರಸಿ’ ಬಂದಿತು. 1991ರ ತರುವಾಯ ಅವರು ಸ್ವಂತ ಹಾಡುಗಳ ಸಂಪುಟ ಹೊರತಂದದ್ದು ಅದೇ ಮೊದಲು. ಕಾಫಿ ಗಿಡವಾದರೂ ನೆಟ್ಟ ಮೂರು ನಾಲ್ಕು ವರುಷಕ್ಕೆ ಫಸಲು ಕೊಡುವದು. ಹದಿನೇಳು ವರುಷ ಕಾಯಿಸಿದ ಈ ಫಸಲು ನಮಗೆ ರುಚಿಸಲಿಲ್ಲ. ಕೋಲ್ಡ್‌ಪ್ಲೇ ತಂಡದ ‘ವಿವಾ ಲಾ ವಿಡಾ’ವನ್ನು ಮಾತ್ರ ಮನಸಾರೆ ಮೆಚ್ಚಿದೆವು. ಪದವಿ ಕಳೆದುಕೊಂಡ ಅರಸನೊಬ್ಬನ ಹಾಡು ಅದರಲ್ಲುಂಟು. ಅದರೊಳಗಿನ ಉಪ್ಪಿನ ಕಂಬದ ಮಾತು ಕಿವಿಗೆ ಬಿದ್ದೊಡನೆ ಹುಡುಗಿಯರು ತಾವಾಗಿಯೇ ಸತ್ಯವೇದವನ್ನು ತೆರೆದು ಆದಿಕಾಂಡದಲ್ಲಿ ಲೋಟನ ಹೆಂಡತಿಯ ಪ್ರಸಂಗವನ್ನು ಹುಡುಕಿದರು.

ಆದರೂ ಆ ವರುಷದಲ್ಲಿ ನಮ್ಮ ಮನಸ್ಸಿನ ಮೊದಲ ಸ್ಥಾನವು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ತಮ್ಮ ಹೆಸರಿನಿಂದಲೇ ಹೊರಡಿಸಿದ ಪ್ರಥಮ ಸಂಪುಟಕ್ಕೆ ಸಲ್ಲುವದು. ಭರತನಾಟ್ಯ ಕಲಿತ ಇವರು ಕಾಲಿಗೆ ಗೆಜ್ಜೆ ಕಟ್ಟಿ, ಲುಂಗಿಯುಟ್ಟು, ಗಿಟಾರು ಹಿಡಿದು ಹಾಡುವರು. ಎಂಟು ಹಾಡುಗಳಲ್ಲಿ ಕನ್ನಡದವು ಎರಡೇ ಎಂಬುದು ನಮಗೆ ಇಂದಿಗೂ ಇರುವ ಅಸಮಾಧಾನ. ಆ ಎರಡೂ ಶಿಶುನಾಳ ಶರೀಫ ಸಾಹೇಬರ (1819–1889) ತತ್ತ್ವಪದಗಳು. ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಬ್ರಾಹ್ಮಣರಾದ ಗೋವಿಂದಭಟ್ಟರ ಶಿಷ್ಯರಾದ ಶರೀಫರು ಕೆಲವು ಕಾಲ ಶಾಲಾಮಾಸ್ತರರೂ ಆಗಿದ್ದರೆಂಬುದನ್ನು ನಮ್ಮ ವೃತ್ತಿಯ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಮನೆಯ ಮಾಳಿಗೆ ಸೋರುವದನ್ನು ಕುರಿತ ಪದವನ್ನು ನಮ್ಮ ಹುಡುಗಿಯರು ಮೊದಲು ಸೋರುವ ಮಾಡೆಂದೇ ತಿಳಿದರು. ಆಷಾಢದ ಮಳೆಯಲ್ಲಿ ಹೆಂಚಿನ ಸಂದಿಯಿಂದ ತೊಟ್ಟಿಕ್ಕುವ ನೀರಿಗೆ ಪಾತ್ರೆಯೊಡ್ಡಿ ಮಲಗಿದವರಿಗೆ ಅದನ್ನು ಬಿಡಿಸಿ ಹೇಳಬೇಕೇ? ಅಜ್ಞಾನದಿಂದ ಸೋರುವ ಮನೆಯೊಂದು ಮನುಷ್ಯನೊಳಗೇ ಇದೆಯೆಂಬ ಅರ್ಥವು, ತಟ್ಟೆಯನ್ನು ನಾಲ್ಕಾರು ಸಲ ಕೇಳಿದ ಮೇಲೆ ತಾನಾಗಿ ಇಳಿಯಿತು. ಪಠ್ಯಪುಸ್ತಕದಿಂದ ನಾವು ಮಾಡಿಸಲಾರದ ಕೆಲಸವಿದು.

ತೊಡಕು ಬಂದದ್ದು ಇನ್ನೊಂದು ಪದದಿಂದ. ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರು ‘ಗುಡುಗುಡಿಯ ಸೇದಿ ನೋಡೋ’ ಹಾಡುವರೆಂಬ ಸುದ್ದಿ ಕೇಳಿ ತೋಟದ ಯಜಮಾನರೊಬ್ಬರು ಕೋಪಗೊಂಡು ಬಂದರು. “ಟೀಚರಮ್ಮಾ, ನಮ್ಮ ಮಗಳನ್ನು ಹೊಗೆ ಸೇದಲು ಕಲಿಯಲೆಂದು ಇಲ್ಲಿಗೆ ಕಳಿಸಿದೆವೇ?” ಎಂದರು. ಅಂದಿನ ಮುಖ್ಯೋಪಾಧ್ಯಾಯಿನಿಯವರು ಉತ್ತರವನ್ನು ನಮಗೇ ಬಿಟ್ಟರು. ನಾವು ಪದವನ್ನು ಸಾಲುಸಾಲಾಗಿ ಓದಿ, ಇಲ್ಲಿ ಸುಡತಕ್ಕದ್ದು ಮೋಹವನ್ನು, ಹೊರಗೋಡಿಸತಕ್ಕದ್ದು ಒಳಗಿನ ರೋಗವನ್ನು ಎಂದು ತೋರಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರ್ಥ ಸರಿಯಮ್ಮಾ, ಆದರೆ ಆ ಗಿಟಾರು, ಆ ಡ್ರಮ್ಮು? ಅವು ದೇವರ ಹಾಡಿನವೇ?” ಎಂದು ಕೇಳಿದರು.

ಈ ಪ್ರಶ್ನೆಯನ್ನು ಸಭೆಯ ಹಿರಿಯರೂ ಹಲವು ಸಲ ಕೇಳಿರುವರು. ನಾವು ಹೇಳಿದ್ದಿಷ್ಟು. ಅಮೆರಿಕದ ಸಿಸ್ಟರ್ ರೊಸೆಟಾ ಥಾರ್ಪ್ (1915–1973) ಸುವಾರ್ತೆ ಸಾರುತ್ತಿದ್ದ ತಾಯಿಯ ಮಗಳು. ಬಾಲ್ಯದಿಂದ ದೇವಾಲಯದಲ್ಲಿ ಗಿಟಾರು ನುಡಿಸಿದವಳು. ಭಕ್ತಿಗೀತಗಳಿಗೆ ಆಕೆ ವಿದ್ಯುತ್ ಗಿಟಾರನ್ನು ಕೂಡಿಸಿದ ರೀತಿಯಿಂದಲೇ ಮುಂದಿನವರು ರಾಕ್ ಸಂಗೀತವನ್ನು ಕಲಿತರು. (2018ರಲ್ಲಿ ಆಕೆಯ ಹೆಸರು ಆ ದೇಶದ ರಾಕ್ ಸಂಗೀತಗಾರರ ಗೌರವಪಟ್ಟಿಗೆ ಸೇರಿತು, ಬಹಳ ತಡವಾಯಿತೆಂದು ನಮ್ಮ ಅಭಿಪ್ರಾಯ.) ನಮ್ಮಲ್ಲಿಯಾದರೋ ಜರ್ಮನಿಯಿಂದ ಬಂದ ಕಿಟ್ಟೆಲ್ ಸಾಹೇಬರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಹಾಡುವಾಗ ಕನ್ನಡದ ಛಂದಸ್ಸನ್ನು ಎರವಲು ಪಡೆದರು. ನಾವು ಯುರೋಪಿನಿಂದ ಹಾರ್ಮೋನಿಯಮ್ಮಿನ ಮೂಲವಾದ ವಾದ್ಯವನ್ನೂ ರಾಗಗಳನ್ನೂ ಪಡೆದೆವು. ಶರೀಫರ ಪದಕ್ಕೆ ಗಿಟಾರು ಸಿಕ್ಕಿದ್ದೂ ಇಂಥದೇ ಕೊಡುಕೊಳೆ.

ಯಜಮಾನರು ಪೂರ್ತಿಯಾಗಿ ಒಪ್ಪಲಿಲ್ಲ. ಕೊನೆಗೆ ಮಾಳಿಗೆಯ ಪದವನ್ನು ಗಿಟಾರಿನೊಡನೆ ವೇದಿಕೆಯ ಮೇಲೆ ಹಾಡುವದೆಂದೂ, ಗುಡುಗುಡಿಯನ್ನು ವಿದ್ಯಾರ್ಥಿನಿಲಯದ ಒಳಗೇ ಇಟ್ಟುಕೊಳ್ಳುವದೆಂದೂ ತೀರ್ಮಾನವಾಯಿತು. ಅವರು ಮೊದಲ ಸಾಲಿನಲ್ಲಿ ಕುಳಿತು ಕೇಳಿದರು. ಅವರ ಮಗಳೇ ಗಿಟಾರು ನುಡಿಸಿದಳು.

ಈಗಿನ ಮಕ್ಕಳು ದೂರವಾಣಿಯಲ್ಲಿ ಒಂದೊಂದೇ ಹಾಡನ್ನು ಆರಿಸಿ ಕೇಳುವರು. ಸಂಪುಟವನ್ನು ಮೊದಲಿನಿಂದ ಕಡೆಯವರೆಗೆ ಕೇಳುವ ತಾಳ್ಮೆ ಅಪರೂಪ. ಅದಕ್ಕಾಗಿ ಶನಿವಾರದ ಸಂಜೆ ಒಂದು ತಾಸನ್ನು ಮೀಸಲಿಟ್ಟಿದ್ದೇವೆ. ನಮ್ಮ ಬಳಿಯಿರುವ ದೀಕ್ಷಿತರ ತಟ್ಟೆಯು ಗೀರುಬಿದ್ದು ಐದನೆಯ ಹಾಡಿನಲ್ಲಿ ನಿಂತುಬಿಡುವದು. ಆ ವರುಷದ ಹುಡುಗಿಯರಲ್ಲಿ ಯಾರ ಬಳಿಯಾದರೂ ಸುಸ್ಥಿತಿಯ ಪ್ರತಿಯಿದ್ದರೆ ಶಾಲೆಯ ಪುಸ್ತಕಭಂಡಾರಕ್ಕೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ.