ಸಹಿಯಿಂದ ಕೀಲಿಕೈಯವರೆಗೆ

ಮುಂಬಯಿಯಲ್ಲಿ ಮನೆ ಕೊಳ್ಳಹೊರಟ ಕನ್ನಡಿಗನಿಗೆ ಮೂರು ಪಂಚಾಂಗಗಳು ಬೇಕು. ಒಂದು, ಯುಗಾದಿಗೆ ಊರಿನಿಂದ ತರಿಸಿಕೊಳ್ಳುವುದು; ಎರಡನೆಯದು ಸರಕಾರದ್ದು; ಮೂರನೆಯದು ಬ್ಯಾಂಕಿನದು. ಈ ಮೂರೂ ಒಂದೇ ದಿನವನ್ನು ಶುಭವೆಂದು ಹೇಳುವುದು ಅಪರೂಪ. 2023ರಲ್ಲಿ ಮುಲುಂಡಿನಲ್ಲಿ ಎರಡು ಕೋಣೆಗಳ ಹಳೆಯ ಫ್ಲ್ಯಾಟೊಂದನ್ನು ಕೊಂಡಾಗ ನಾವಿದನ್ನು ಚೆನ್ನಾಗಿ ಕಂಡೆವು. ನಮ್ಮಂತೆ ಬಿಡಾರದಿಂದ ಬಿಡಾರಕ್ಕೆ ಗಂಟು ಹೊತ್ತು ತಿರುಗಿದ ಸಂಸಾರಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಫೆಬ್ರವರಿಯಲ್ಲಿ ಇಸಾರ ಕೊಟ್ಟೆವು. ಅಂದಿನಿಂದಲೇ ದಲಾಲನ ಅವಸರ ಆರಂಭವಾಯಿತು. "ಮಾರ್ಚ್ 31ರೊಳಗೆ ಸಹಿ ಹಾಕಿಬಿಡಿ, ಏಪ್ರಿಲ್ 1ಕ್ಕೆ ಸರಕಾರಿ ದರ ಏರುತ್ತದೆ" ಎಂದು ದಿನಕ್ಕೆರಡು ಸಲ ಫೋನು. ಮುದ್ರಾಂಕ ಶುಲ್ಕವನ್ನು ಲೆಕ್ಕ ಹಾಕುವ ರೆಡಿ ರೆಕನರ್ ದರ ಏಪ್ರಿಲಿನಲ್ಲಿ ಬದಲಾಗುವುದು ನಿಜ. ಆದರೆ ಬ್ಯಾಂಕಿನ ಮಂಜೂರಾತಿ ಪತ್ರ ಇನ್ನೂ ಬಂದಿರಲಿಲ್ಲ. ದರ ಏರಿದರೆ ಶುಲ್ಕ ಸ್ವಲ್ಪ ಹೆಚ್ಚಾದೀತು. ಸಹಿಯಾದ ಮೇಲೆ ಸಾಲ ಸಿಗದೆ ಹೋದರೆ ಇಸಾರವೇ ಮುಳುಗೀತು. ಚಿಕ್ಕ ನಷ್ಟದ ಭಯಕ್ಕೆ ದೊಡ್ಡ ನಷ್ಟದ ಬಾಗಿಲು ತೆರೆಯಬಾರದೆಂದು ಸುಮ್ಮನೆ ಕುಳಿತೆವು. ಆ ವರ್ಷ ದರ ಏರಲೂ ಇಲ್ಲ.

ಏಪ್ರಿಲ್ 28, ಶುಕ್ರವಾರ, ಕರಾರು ಪತ್ರದ ನೋಂದಣಿ. ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಸರದಿ ಬಂದದ್ದು 11 ಗಂಟೆಗೆ, ನೆಟ್ಟಗೆ ರಾಹುಕಾಲದಲ್ಲಿ. ಧಾರವಾಡದ ನಮ್ಮ ತಾಯಿಯವರಿಗೆ ಹೇಗೆ ಹೇಳುವುದೆಂದು ಅಳುಕುತ್ತಿದ್ದರೆ ಅವರೇ, "ಸರಕಾರದ ಕೆಲಸಕ್ಕ ಯಾವ ರಾಹು, ಯಾವ ಕೇತು! ನಡೀರಿ" ಎಂದರು. ಸಾಕ್ಷಿದಾರರಿಬ್ಬರನ್ನು ಕರೆದುಕೊಂಡು ಹೋಗಿ, ಭಾವಚಿತ್ರ ತೆಗೆಸಿ, ಹೆಬ್ಬೆಟ್ಟು ಒತ್ತಿ ಬಂದೆವು. ಮುಂಬಯಿಯಲ್ಲಿ ಬೆಲೆಯ ಶೇಕಡಾ 6 ಮುದ್ರಾಂಕ ಶುಲ್ಕ (ಮನೆ ಹೆಂಗಸರ ಹೆಸರಿನಲ್ಲಿಯೇ ಇದ್ದರೆ ಶೇಕಡಾ 5), ಮೇಲೆ ನೋಂದಣಿಗೆ ಹೆಚ್ಚೆಂದರೆ 30,000 ರೂಪಾಯಿ. ಕೈ ಬರಿದಾಯಿತು, ಆದರೆ ಮನೆಯಿನ್ನೂ ನಮ್ಮದಾಗಿರಲಿಲ್ಲ.

ಇದು ಅನೇಕರಿಗೆ ತಿಳಿಯದ ಸಂಗತಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ, ಮಾರುವೆನೆಂಬ ಕರಾರು ತಾನಾಗಿ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನಿಶ್ಚಿತಾರ್ಥವಾದ ಹುಡುಗಿ ಇನ್ನೂ ತವರಿನಲ್ಲೇ ಇರುವಂತೆ ಅದು. ಇಸಾರ, ಸಹಿ, ಹಣ, ಕೀಲಿಕೈ ಇವು ಬೇರೆ ಬೇರೆ ದಿನಗಳಲ್ಲಿ ಬರುತ್ತವೆ. ಕುತ್ತೆಲ್ಲವೂ ಇರುವುದು ಈ ದಿನಗಳ ನಡುವಿನ ಸಂದಿಯಲ್ಲಿ.

ನಮ್ಮ ಸಂದಿ ಇಂತಿತ್ತು. ಬಾಡಿಗೆ ಮನೆಯ ಲೀವ್ ಅಂಡ್ ಲೈಸೆನ್ಸ್ ಪತ್ರದ ಅವಧಿ ಮೇ 31ಕ್ಕೆ ಮುಗಿಯುವುದು. ಅವಧಿ ಮುಗಿದೂ ಜಾಗ ಬಿಡದವರು ಎರಡರಷ್ಟು ಹಣ ತೆರಬೇಕೆಂದು ಮಹಾರಾಷ್ಟ್ರದ 1999ರ ಬಾಡಿಗೆ ಕಾಯಿದೆ ಹೇಳುತ್ತದೆ. ಅತ್ತ ಮಾರುವ ಗುಜರಾತಿ ಹಿರಿಯರ ಮೇಲೂ ಹಳೆಯ ಸಾಲವಿತ್ತು. ನಮ್ಮ ಬ್ಯಾಂಕಿನ ಮೊದಲ ಚೆಕ್ಕಿನಿಂದ ಮೇ ತಿಂಗಳಲ್ಲಿ ಆ ಸಾಲವೇನೋ ತೀರಿತು. ಮೂಲ ಪತ್ರಗಳು ಮಾತ್ರ ಅವರ ಬ್ಯಾಂಕಿನ ಉಗ್ರಾಣದಿಂದ ಹೊರಬರಲಿಲ್ಲ. ಪತ್ರ ಕಾಣದೆ ನಮ್ಮ ಬ್ಯಾಂಕು ಉಳಿದ ಹಣ ಕೊಡದು. ಹಣ ಬಾರದೆ ಹಿರಿಯರು ಕೀಲಿಕೈ ಕೊಡರು. ಸಾಲ ತೀರಿದ 30 ದಿನಗಳೊಳಗೆ ಪತ್ರ ಮರಳಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿದ್ದು ಸೆಪ್ಟೆಂಬರಿನಲ್ಲಿ. ಜಾರಿಗೆ ಬಂದದ್ದು ಡಿಸೆಂಬರ್ 1ರಿಂದ. ನಮಗದು ಒದಗಲಿಲ್ಲ, ನಿಮಗೆ ಒದಗೀತು.

ನಮ್ಮನ್ನು ಕಾಪಾಡಿದ್ದು ಕರಾರಿನಲ್ಲಿ ಬರೆಸಿದ್ದ ಎರಡು ಸಾಲು. ಮೇ 31ರೊಳಗೆ ಮಾರುವವರಿಂದ ಕೀಲಿಕೈ ಬಾರದಿದ್ದರೆ ಅಲ್ಲಿಂದಾಚೆಗೆ ನಮ್ಮ ಬಾಡಿಗೆಯನ್ನು ಉಳಿದ ಹಣದಲ್ಲಿ ಕಳೆಯತಕ್ಕದ್ದು. ನಮ್ಮಿಂದ ಹಣ ತಡವಾದರೆ ನಾವು ಬಡ್ಡಿ ಕೊಡತಕ್ಕದ್ದು. ಎರಡೂ ಕಡೆಗೆ ಸಮನಾದ ಮಾತಾದ್ದರಿಂದ ಹಿರಿಯರು ಮರುಮಾತಿಲ್ಲದೆ ಒಪ್ಪಿದ್ದರು. ಬಾಡಿಗೆ ಮನೆಯ ಒಡತಿಯೊಂದಿಗೂ ಮುಂಚೆಯೇ ಮಾತಾಡಿ, ಎರಡು ತಿಂಗಳ ಹೊಸ ಪತ್ರವನ್ನು ನೋಂದಾಯಿಸಿಕೊಂಡೆವು. ಹೀಗೆ ಕಾಯಿದೆಯ ಗಂಟು ಸಡಿಲಾಯಿತು.

ಆದರೆ ಊರಿನ ಪಂಚಾಂಗ ಬಿಡಬೇಕಲ್ಲ! ಜೂನ್ 19ಕ್ಕೆ ಆಷಾಢ ಹಿಡಿಯುವುದು. ಅದು ಮುಗಿಯಿತೆಂದರೆ ಆ ವರ್ಷ ಅಧಿಕ ಶ್ರಾವಣ, ಆಗಸ್ಟ್ 16ರವರೆಗೆ. ಎರಡು ತಿಂಗಳು ಗೃಹಪ್ರವೇಶವಿಲ್ಲ. "ಆಷಾಢದಾಗ ಹೊಸ ಮನಿ ಹೊಕ್ಕರ ಹ್ಯಾಂಗೋ?" ಎಂದು ತಾಯಿಯವರು ಊಟಕ್ಕೆ ಕುಳಿತಾಗಲೆಲ್ಲ ಕೇಳುವರು. ಮದುವೆಯಾಗಿ ಬಂದ ದಿನದಿಂದ ಪರರ ಮನೆಗಳಲ್ಲೇ ಹಾಲು ಉಕ್ಕಿಸಿದವರು ಅವರು. ಎಂಬತ್ತು ಸಮೀಪಿಸುತ್ತಿದ್ದ ಅವರಿಗೆ ಇದು ಹಟವಲ್ಲ, ಆಸೆ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮನಸ್ಸು ನಮಗಿರಲಿಲ್ಲ.

ಹಿರಿಯರಿಗೆ ಇದ್ದ ವಿಷಯ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮನೆ ಕೊಡಲಾರೆ, ಒಂದು ಬೆಳಗು ಕೊಡಬಲ್ಲೆ" ಎಂದರು. ಜೂನ್ 7, ಬುಧವಾರ, ಜ್ಯೇಷ್ಠ ಮಾಸ. ಅವರ ಅಡಿಗೆಮನೆಯಲ್ಲಿ, ಅವರದೇ ಒಲೆಯ ಮೇಲೆ, ತಾಯಿಯವರು ಹಾಲು ಉಕ್ಕಿಸಿದರು. ದೇವರ ಮುಂದೆ ಹಿರಿಯರೂ ನಮ್ಮೊಡನೆ ಕೈಮುಗಿದು ನಿಂತರು. ಹತ್ತು ಗಂಟೆಗೆ ನಾವು ಪಾತ್ರೆ ತೆಗೆದುಕೊಂಡು ಬಿಡಾರಕ್ಕೆ ಮರಳಿದೆವು. ಪತ್ರಗಳು ಬಂದು, ಹಣ ಸಂದು, ಕೀಲಿಕೈ ನಮ್ಮ ಕೈಸೇರಿದ್ದು ಜುಲೈ 6ರಂದು, ನಡು ಆಷಾಢದಲ್ಲಿ. "ಹೊಕ್ಕಾಗೇತಿ, ಇನ್ನ ಸಾಮಾನು ಯಾವಾಗರೆ ಬರಲಿ" ಎಂದು ತಾಯಿಯವರು ತೀರ್ಪು ಕೊಟ್ಟರು.

ಮನೆ ನೋಡುತ್ತಿರುವ ಬಂಧುಗಳಿಗೆ ನಮ್ಮ ಮಾತು ಇಷ್ಟೇ. ಸಾಲದ ಮಂಜೂರಾತಿ ಕೈಗೆ ಬರುವ ಮುನ್ನ ಸಹಿ ಹಾಕಬೇಡಿ. ಬಿಲ್ಡರನಿಂದ ಹೊಸ ಮನೆ ಕೊಳ್ಳುವವರು, ನೋಂದಾಯಿತ ಕರಾರಿಲ್ಲದೆ ಶೇಕಡಾ 10ಕ್ಕಿಂತ ಹೆಚ್ಚು ಹಣ ಪಡೆಯುವುದನ್ನು 2016ರ ರೇರಾ ಕಾಯಿದೆ ನಿಷೇಧಿಸಿದೆಯೆಂಬುದನ್ನು ನೆನಪಿಡಿ. ಸಹಿ ಹಾಕಿದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಒಪ್ಪಿಸಲೇಬೇಕು. ಹಣದ ತಾರೀಖು, ಕೀಲಿಕೈಯ ತಾರೀಖು, ತಪ್ಪಿದರೆ ಯಾರು ಏನು ತೆರಬೇಕೆಂಬುದು, ಇಷ್ಟನ್ನೂ ಬರವಣಿಗೆಯಲ್ಲಿ ಇಡಿ. ಇಷ್ಟಾದ ಮೇಲೂ ಬರೆಯಲಾಗದ್ದು ಒಂದಿಷ್ಟು ಉಳಿಯುತ್ತದೆ. ಅದಕ್ಕೆ ಎದುರಿನವರ ಬಾಗಿಲು ತಟ್ಟಿ ಬಾಯಿಬಿಟ್ಟು ಕೇಳಿ. ಮಾರುವವರೂ ಒಂದು ಕಾಲಕ್ಕೆ ಅದೇ ಮನೆಯಲ್ಲಿ ಹಾಲು ಉಕ್ಕಿಸಿದವರೇ ತಾನೆ?