ಸಬ್‌ಸ್ಟೇಷನ್ ಎಲ್ಲೋ, ಜಮೀನಿಗೆ ಗಿರಾಕಿ ಅಲ್ಲೇ

ಹೊಸ ಸಬ್‌ಸ್ಟೇಷನ್‌ಗೆ ಸರ್ವೆ ಅನ್ನೋ ಸುದ್ದಿ ಹಬ್ಬಿದ್ದೇ ತಡ, ನಮ್ಮ ಕಡೆ ಬ್ರೋಕರ್‌ಗಳ ಓಡಾಟ ಜಾಸ್ತಿಯಾಗಿದೆ. ಶೇಂಗಾನೇ ಸರಿಯಾಗಿ ಕೈ ಹತ್ತದ ನೆಲಕ್ಕೆ ಯಾಕಪ್ಪಾ ಇಷ್ಟು ಬೇಡಿಕೆ ಅಂತ ಕೆಲವರು ಕೇಳಿದ್ರು.

ಕಾರ್ಖಾನೆ ಕಟ್ಟೋನು ಮಣ್ಣಿನ ಗುಣ ನೋಡಲ್ಲ. ರಸ್ತೆ, ನೀರು, ಕರೆಂಟು ನೋಡ್ತಾನೆ. ದೊಡ್ಡ ಲೋಡ್ ಬೇಕಾದವನು ಸಬ್‌ಸ್ಟೇಷನ್ ಎಷ್ಟು ದೂರ, ಅದು ಇನ್ನೆಷ್ಟು ಲೋಡ್ ತಡೆಯುತ್ತೆ ಅಂತ ಮೊದಲೇ ವಿಚಾರಿಸ್ತಾನೆ. ಇದೇನು ಇವತ್ತಿನದಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿಗೆ ಬೀದಿದೀಪ ಬಂದಿದ್ದು 1905ರಲ್ಲಿ. ಹಳ್ಳಿಗಳ ಪಾಳಿ ಯಾವಾಗ ಬಂತು ಅನ್ನೋದನ್ನ ನಿಮ್ಮ ಮನೆ ಹಿರಿಯರನ್ನೇ ಕೇಳಿ.

ಪಾವಗಡದಲ್ಲಿ ಸೋಲಾರ್ ಪಾರ್ಕಿನ ನಿಗಮ ಒಂದು ಹೆಜ್ಜೆ ಮುಂದೆ ಹೋಯ್ತು. ನಾಗಲಮಡಿಕೆ ಹೋಬಳಿಯ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಸೇರಿಸಿ, ರಸ್ತೆ, ಸಬ್‌ಸ್ಟೇಷನ್, ಲೈನು ಎಲ್ಲಾ ಸಿದ್ಧ ಮಾಡಿ ಆಮೇಲೆ ಕಂಪನಿಗಳನ್ನ ಕರೀತು. ಅವರು ಬಂದು ಪ್ಲೇಟ್ ಕೂರಿಸಿದ್ರೆ ಸಾಕು. ಜಾಗ ಹುಡುಕೋ ತಲೆನೋವೇ ಇಲ್ಲ. 2,050 ಮೆಗಾವ್ಯಾಟ್‌ನ ಪಾರ್ಕ್ ಎದ್ದಿದ್ದು ಹಾಗೆ.

ಅಲ್ಲಿ ನನಗೆ ಹಿಡಿಸಿದ್ದು, ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ತಗೊಂಡಿದ್ದು. ಪಹಣಿ ರೈತನ ಹೆಸರಲ್ಲೇ ಉಳೀತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರದ ಸೀಮೇಲಿ ಇದು ಸಣ್ಣ ಮಾತಲ್ಲ. ಆದ್ರೆ ಕೂತು ಲೆಕ್ಕ ಹಾಕಿದೆ: ಇದೇ ದರದಲ್ಲಿ ಏರ್ತಾ ಹೋದ್ರೆ 28ನೇ ವರ್ಷಕ್ಕೂ 40,000 ಮುಟ್ಟಲ್ಲ. ಅಷ್ಟೊತ್ತಿಗೆ ಒಂದು ಚೀಲ ಗೊಬ್ಬರಕ್ಕೆ ಎಷ್ಟಾಗಿರುತ್ತೋ!

ಬಾಡಿಗೆ ಬಂದಿದ್ದು ಪಹಣಿ ಇದ್ದೋರಿಗೆ ಮಾತ್ರ. ಅದೇ ಹೊಲದಲ್ಲಿ ಕಳೆ ಕೀಳ್ತಿದ್ದ ಕೂಲಿಯೋರಿಗೆ, ಕುರಿ ಮೇಯಿಸೋರಿಗೆ ಆ ಲೆಕ್ಕದಲ್ಲಿ ಪಾಲಿಲ್ಲ. ಪ್ಲೇಟ್ ಕೂತ ಮೇಲೆ ಉಳಿಯೋ ಕೆಲಸ ತೊಳೆಯೋದು, ಹುಲ್ಲು ಕೊಯ್ಯೋದು, ಕಾವಲು. ಕರೆಂಟು ಗ್ರಿಡ್ ಸೇರಿ ಎಲ್ಲೆಲ್ಲಿಗೋ ಹೋಗುತ್ತೆ. ಕರೆಂಟು ತಯಾರಾದ ಊರಲ್ಲೇ ಕಾರ್ಖಾನೆ ಬರುತ್ತೆ ಅನ್ನೋದು ಬ್ರೋಕರ್ ಮಾತು, ನಂಬಬೇಡಿ.

ಅದಕ್ಕೇ ಅಡ್ವಾನ್ಸ್ ಮುಟ್ಟೋ ಮುಂಚೆ ಕೇಳಿ: ಬರ್ತಿರೋದು ಪ್ಲೇಟೋ ಕಾರ್ಖಾನೇನೋ? ಕ್ರಯವೋ ಗುತ್ತಿಗೆಯೋ? ಗುತ್ತಿಗೆ ಮುಗಿದ ಮೇಲೆ ಕಾಂಕ್ರೀಟ್ ಕಿತ್ತು ಕೊಡೋರು ಯಾರು? ಕುರಿಗೆ ದಾರಿ ಬಿಡ್ತಾರಾ? ಬಾಯಿಮಾತು ಬೇಡ, ಪತ್ರದಲ್ಲಿ ಬರಲಿ.

ಭಾನುವಾರ ಸಂಜೆ ಡೈರಿ ಹತ್ರ ಸೇರೋಣ. ಅಗ್ರಿಮೆಂಟ್ ಪ್ರತಿ ಯಾರಿಗಾದ್ರೂ ಕೊಟ್ಟಿದ್ರೆ ಜೊತೆಗೆ ತನ್ನಿ, ಸಹಿ ಹಾಕದೆ.