ಅಪ್ಪನ ಕೈಗಡಿಯಾರ

ದೋಹಾದಲ್ಲಿ ಬೆಳಗಿನ ಐದೂವರೆಯಾದಾಗ ಮೈಸೂರಿನಲ್ಲಿ ಎಂಟು ಗಂಟೆ. ಅಷ್ಟರಲ್ಲಿ ಅಪ್ಪ ಕುಕ್ಕರಹಳ್ಳಿ ಕೆರೆಯ ಸುತ್ತು ಮುಗಿಸಿ ಮನೆಗೆ ಮರಳಿರುತ್ತಾರೆ. ಹಿಂದೆಲ್ಲ ನಾವು ಆ ಹೊತ್ತಿಗೆ ಕರೆ ಮಾಡಿ ಕೆರೆಯ ನೀರು, ಹಕ್ಕಿಗಳು, ದಾರಿಯಲ್ಲಿ ಸಿಕ್ಕವರ ಸುದ್ದಿ ಕೇಳುತ್ತಿದ್ದೆವು. ಅವರಿಗೆ ಸ್ಮಾರ್ಟ್‌ವಾಚ್ ಕೊಡಿಸಿದ ಮೇಲೆ ಆ ಕರೆ ವಿರಳವಾಯಿತು. ಹೆಜ್ಜೆಗಳ ಲೆಕ್ಕ, ನಾಡಿಮಿಡಿತ, ನಿದ್ರೆಯ ಅವಧಿ ಎಲ್ಲವೂ ನಮ್ಮ ಫೋನಿನಲ್ಲಿಯೇ ಕಾಣುತ್ತಿದ್ದಾಗ ಕೇಳುವುದೇನಿತ್ತು?

ಒಂದು ದಿನ ಹೆಜ್ಜೆಗಳು ತೀರ ಕಡಿಮೆಯಿದ್ದವು. ಗಾಬರಿಯಿಂದ ಕರೆ ಮಾಡಿ, “ಅಪ್ಪಾ, ಇವತ್ತು ವಾಕಿಂಗ್ ಹೋಗಲಿಲ್ಲವೇ? ರಾತ್ರಿ ನಿದ್ದೆಯನ್ನೂ ಮಾಡಿಲ್ಲವಲ್ಲ?” ಎಂದೆವು. ಅವರು ತುಸು ಹೊತ್ತು ಸುಮ್ಮನಿದ್ದರು. “ಜೊತೆಯಲ್ಲಿ ನಡೆಯುತ್ತಿದ್ದ ಗೆಳೆಯರು ನಿನ್ನೆ ತೀರಿಕೊಂಡರು. ನಾನೇ ಹೇಳೋಣವೆಂದಿದ್ದೆ. ಅಷ್ಟರಲ್ಲಿ ನೀವು ಲೆಕ್ಕ ಕೇಳಿದಿರಿ” ಎಂದರು.

ಮರುದಿನದಿಂದ ಅವರ ಮಣಿಕಟ್ಟಿಗೆ ಹಳೆಯ ಎಚ್‌ಎಂಟಿ ಮರಳಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿದ ಕಾರ್ಖಾನೆ ಇಂದು ಮುಚ್ಚಿದೆ. ಆದರೆ ಅಪ್ಪನ ಗಡಿಯಾರ ಕೀ ಕೊಟ್ಟರೆ ಇಂದಿಗೂ ನಡೆಯುತ್ತದೆ. ಧರಿಸಿದವರ ವರದಿಯನ್ನು ಯಾರಿಗೂ ಒಪ್ಪಿಸುವುದಿಲ್ಲ.

ಆಗ ನಾವು ಯೋಚಿಸಿದೆವು. ಅನೇಕ ಸ್ಮಾರ್ಟ್‌ವಾಚ್‌ಗಳ ಮಾಹಿತಿ ಮೊದಲು ತಯಾರಕರ ಸರ್ವರ್ ಸೇರಿ, ಬಳಿಕ ನಮ್ಮ ಕಣ್ಣಿಗೆ ಬೀಳುತ್ತದೆ. 2018ರಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್‌ನ ನಕ್ಷೆಯಿಂದ ಸೇನಾ ನೆಲೆಗಳೊಳಗಿನ ಓಟದ ದಾರಿಗಳೇ ಬಯಲಾದವು. ನಾವು ನೆಲೆಸಿರುವ ಕತಾರಿನಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2016ರ 13ನೇ ಸಂಖ್ಯೆಯ ಕಾನೂನು ಇದೆ. ಆರೋಗ್ಯದ ವಿವರಗಳನ್ನು ಅದು ವಿಶೇಷ ಸ್ವರೂಪದವೆಂದು ಪರಿಗಣಿಸುತ್ತದೆ. ಹೊರಗಿನವರು ದಾಟಬಾರದೆಂದು ನಾವು ಬಯಸುವ ಗೆರೆಯನ್ನು ಮನೆಯೊಳಗೆ ನಾವೇ ದಾಟಿದ್ದೆವು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಪೈನ್‌ಟೈಮ್ ಎಂಬ ಸರಳ ಗಡಿಯಾರವೊಂದನ್ನು ಒಯ್ದೆವು. ಅದರಲ್ಲಿ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಗಂಟೆ, ಹೆಜ್ಜೆ, ನಾಡಿಮಿಡಿತ ತೋರಿಸುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಹಲವು ದಿನ ಬರುತ್ತದೆ. ಗ್ಯಾಜೆಟ್‌ಬ್ರಿಜ್ ಎಂಬ ಉಚಿತ ಆ್ಯಪ್ ಅದನ್ನು ಆಂಡ್ರಾಯ್ಡ್ ಫೋನಿಗೆ ಜೋಡಿಸುತ್ತದೆ. ಅದಕ್ಕೆ ಖಾತೆ ತೆರೆಯಬೇಕಿಲ್ಲ. ವಿವರಗಳು ಅಪ್ಪನ ಫೋನಿನಲ್ಲಿಯೇ ಉಳಿಯುತ್ತವೆ. “ಇದು ನಿಮಗೂ ಕಾಣುತ್ತದೆಯೇ?” ಎಂದು ಅವರು ಕೇಳಿದರು. ಇಲ್ಲವೆಂದೆವು. ಆಮೇಲೆಯೇ ಕೈ ಮುಂದೆ ಚಾಚಿದರು.

ಎಲ್ಲ ಮನೆಗೂ ಇದೇ ಸರಿಯೆಂದು ನಾವು ಹೇಳಲಾರೆವು. ಹೃದ್ರೋಗವಿದ್ದು ಒಂಟಿಯಾಗಿರುವ ಹಿರಿಯರಿಗೆ, ಬಿದ್ದರೆ ಮನೆಯವರಿಗೆ ಸಂದೇಶ ಕಳಿಸುವ ಗಡಿಯಾರ ಆಸರೆಯಾದೀತು. ಆದರೆ ಯಾರಿಗೆ ಏನು ಕಾಣಬೇಕೆಂಬುದನ್ನು ಧರಿಸುವವರನ್ನೇ ಕೇಳಿ ನಿರ್ಧರಿಸೋಣ. ಬೇಸಿಗೆ ರಜೆಗೆ ಊರಿಗೆ ಹೊರಡುವ ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ.

ಈಗ ಬೆಳಿಗ್ಗೆ ಐದೂವರೆಗೆ ನಾವು ಮತ್ತೆ ಕರೆ ಮಾಡುತ್ತೇವೆ. ನಿನ್ನೆ ಕೆರೆಗೆ ಹೆಜ್ಜಾರ್ಲೆಗಳು ಬಂದಿದ್ದವಂತೆ. ಎಷ್ಟು ಹೆಜ್ಜೆ ನಡೆದರೆಂದು ಅಪ್ಪ ಹೇಳಲಿಲ್ಲ, ನಾವೂ ಕೇಳಲಿಲ್ಲ.